ಆಫ್ರಿಕಾ ಸಫಾರಿಯಲ್ಲಿ ಕಾಡೆಮ್ಮೆ ಹಿಂಡು ಎದುರಾದರೆ ಓಡಬೇಕಾ, ನಿಲ್ಲಬೇಕಾ, ಮರ ಹತ್ತಬೇಕಾ?

ಅಪ್ಪ, ಅಮ್ಮ, ಎಂಟು ವರ್ಷದ ಮಗಳ ಜೊತೆ ತಾಂಜಾನಿಯಾಕ್ಕೆ ಹೊರಟಿದ್ದೀರಿ. ಅರೂಷಾ ನ್ಯಾಷನಲ್ ಪಾರ್ಕ್‌ನಲ್ಲಿ ಒಂದು ದಿನ ನಡಿಗೆ ಸಫಾರಿ, ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಅಂಚಿನಲ್ಲಿ ಒಂದು ರಾತ್ರಿ ಟೆಂಟು, ಆಮೇಲೆ ಸೆರೆಂಗೆಟಿ. ಪ್ರಶ್ನೆಯ ಜೊತೆ ಇಷ್ಟೆಲ್ಲಾ ಬರೆದು ಕೊನೆಗೆ "ನಾವು ಸಕಲೇಶಪುರದವರು, ಕಾಟಿ ನೋಡಿ ಅಭ್ಯಾಸ ಇದೆ" ಅಂತ ಒಂದು ಸಾಲು ಸೇರಿಸಿದ್ದೀರಲ್ಲ, ಆ ಸಾಲಿಗೋಸ್ಕರ ಈ ಉತ್ತರ. ನಾನೂ ಇದೇ ಮಾತು ಹೇಳಿಕೊಂಡು ಹೋಗಿದ್ದೆ. ಈಗ ನನ್ನ ಎಡಗೈ ಮಣಿಕಟ್ಟಿನಲ್ಲಿ ಒಂದು ಪ್ಲೇಟು, ಆರು ಸ್ಕ್ರೂ ಇವೆ.

ನಾನು ಮೂಡಿಗೆರೆ ಕಡೆಯವನು. ನಾಲ್ಕು ವರ್ಷ ದಾರ್ ಎಸ್ ಸಲಾಮ್‌ನಲ್ಲಿ ಕೆಲಸಕ್ಕಿದ್ದೆ. 2016ರ ಜೂನ್‌ನಲ್ಲಿ ಮಾವ ಅತ್ತೆ ಧಾರವಾಡದಿಂದ ಬಂದಿದ್ದರು. ಮಾವ ಎಮ್ಮೆ ಕಟ್ಟಿ ಹಾಲು ಹಾಕಿ ಮಕ್ಕಳನ್ನು ಓದಿಸಿದವರು. ಸಫಾರಿ ಅಂದರೆ ಸಿಂಹ ಆನೆ ಅಂದುಕೊಂಡಿದ್ದರು, ಪಾಪ. ಮೊದಲ ದಿನವೇ ಅರೂಷಾ ಪಾರ್ಕ್‌ಗೆ ಕರ್ಕೊಂಡು ಹೋದೆ. ಅಲ್ಲಿ ಸಿಂಹ ಇಲ್ಲ ಅಂತ ಡ್ರೈವರ್ ಹೇಳಿದ್ದ, ಅದಕ್ಕೇ ಅಲ್ಲಿ ನಡೆಯೋದು ಸಲೀಸು ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಎದುರಿಗೆ ಮೇರು ಪರ್ವತ. ಹೆಸರು ಕೇಳಿದ್ದೇ ಅತ್ತೆ ಕೈ ಮುಗಿದರು. ಮಾವ ಮಾತ್ರ ಮೈದಾನದಲ್ಲಿ ದೂರದ ಕಪ್ಪು ಚುಕ್ಕೆಗಳನ್ನು ನೋಡಿ, "ಅಳಿಯಂದ್ರ, ಎಮ್ಮಿ ನೋಡಾಕ ಇಷ್ಟ್ ದೂರ ಬರಬೇಕಾಗಿತ್ತೇನ್ರೀ? ನಮ್ಮ ಹಿತ್ತಲದಾಗ ನಾಲ್ಕ ಅದಾವ" ಅಂದರು.

ಮೊದಲು ಇದನ್ನು ಹೇಳಿಬಿಡುತ್ತೇನೆ. ಅದು ಮಾವನ ಎಮ್ಮೆಯೂ ಅಲ್ಲ, ನಿಮ್ಮ ಕಾಟಿಯೂ ಅಲ್ಲ. ಕಾಟಿ ಹಸುವಿನ ಕಡೆ ನೆಂಟ. ನಮ್ಮ ಎಮ್ಮೆ ಏಷ್ಯಾದ ಬೇರೆಯೇ ಕುಲ, ಸಾವಿರಾರು ವರ್ಷ ಮನುಷ್ಯನ ಜೊತೆ ಕೊಟ್ಟಿಗೆಯಲ್ಲಿ ಮಲಗಿದ್ದು. ಆಫ್ರಿಕಾದ ಈ ಪ್ರಾಣಿಯನ್ನು ಇದುವರೆಗೆ ಯಾರೂ ಪಳಗಿಸಿ ಕೊಟ್ಟಿಗೆಗೆ ತಂದಿಲ್ಲ. ದೊಡ್ಡ ಗಂಡು 700, 800 ಕಿಲೋ ತೂಗುತ್ತದೆ, ಕೊಂಬಿನ ಎರಡೂ ಬುಡ ನೆತ್ತಿಯ ಮೇಲೆ ಕೂಡಿಕೊಂಡು ಹೆಲ್ಮೆಟ್ ತರ ಆಗಿರುತ್ತದೆ, ಮತ್ತು ಓಡಿದರೆ ಗಂಟೆಗೆ 50 ಕಿಲೋಮೀಟರ್ ದಾಟುತ್ತದೆ. ನೀವು ಓಡಬೇಕಾ ಅಂತ ಕೇಳಿದ್ದಕ್ಕೆ ಈ ಒಂದು ಲೆಕ್ಕವೇ ಉತ್ತರ.

ಮೊಮೆಲ್ಲಾ ಗೇಟ್‌ನಿಂದ ತುಲುಲುಸಿಯಾ ಜಲಪಾತದವರೆಗೆ ನಡಿಗೆ. ಬಂದೂಕಿನ ರೇಂಜರ್ ಇಲ್ಲದೆ ಬಿಡೋದಿಲ್ಲ. ನಮ್ಮ ರೇಂಜರ್‌ಗೆ ಐವತ್ತರ ಹತ್ತಿರ ವಯಸ್ಸು, ಸಣಕಲು, ಮಾತು ಕಮ್ಮಿ. ನಾನು ಅವನನ್ನು 'ಕಾಕಾ' ಅಂತ ಕರೆದೆ, ಸ್ವಾಹಿಲಿಯಲ್ಲಿ ಅಣ್ಣ ಅಂತ ಅರ್ಥ. ಮಾವನಿಗೆ ಖುಷಿಯೋ ಖುಷಿ, ಅವರ ಕಡೆ ಕಾಕಾ ಅಂದರೆ ಚಿಕ್ಕಪ್ಪ ಅಲ್ವಾ, ಅವರೂ ಶುರು ಮಾಡಿಬಿಟ್ಟರು. ಕಾಕಾ ಹೊರಡುವ ಮುಂಚೆ ನಿಯಮ ಹೇಳಿದ. ಒಬ್ಬರ ಹಿಂದೆ ಒಬ್ಬರು. ನನ್ನ ಮುಂದೆ ಯಾರೂ ಹೋಗಬಾರದು, ಸಾಲಿನಿಂದ ಯಾರೂ ಬಿಟ್ಟುಹೋಗಬಾರದು. 'ಸಿಮಾಮಾ' ಅಂದರೆ ನಿಲ್ಲಿ. 'ಉಸಿಕಿಂಬಿಯೆ', ಓಡಬೇಡಿ. ಇದಷ್ಟನ್ನೂ ಮಾವ ಅತ್ತೆಗೆ ಕನ್ನಡದಲ್ಲಿ ತಿಳಿಸಿ ಹೇಳಿದವನು ಯಾರು ಗೊತ್ತಾ? ನಾನೇ. ಎರಡು ಸಲ ಹೇಳಿದೆ.

ಅರ್ಧ ಗಂಟೆ ನಡೆದ ಮೇಲೆ ಹಿಂಡು ಸಿಕ್ಕಿತು. ಅರವತ್ತೋ ಎಪ್ಪತ್ತೋ ಇರಬೇಕು, ನೂರು ಮೀಟರ್ ದೂರ. ಕಾಕಾ ಕೈ ಎತ್ತಿದ, ನಿಂತೆವು. ಅವನು ನಾಲ್ಕು ಒಣ ಹುಲ್ಲು ಕಿತ್ತು ಬೆರಳಲ್ಲಿ ಉಜ್ಜಿ ಗಾಳಿಗೆ ಬಿಟ್ಟ. ಅದು ನಮ್ಮ ಕಡೆಗೇ ಹಾರಿ ಬಂತು. ಅಂದರೆ ನಮ್ಮ ವಾಸನೆ ಅವಕ್ಕೆ ಹೋಗ್ತಿಲ್ಲ. ಆದರೂ ಒಂದು ತಲೆ ಎತ್ತಿತು, ನೋಡ್ತಾ ನೋಡ್ತಾ ಎಲ್ಲವೂ ತಲೆ ಎತ್ತಿದವು. ಆ ನೋಟ ಹೇಗಂದರೆ, ತಾಲೂಕು ಕಚೇರಿಯಲ್ಲಿ ಗುಮಾಸ್ತರು ನಮ್ಮ ಅರ್ಜಿ ನೋಡಿ ತಲೆ ಎತ್ತುತ್ತಾರಲ್ಲ, ಏನೋ ಒಂದು ದಾಖಲೆ ಇಲ್ಲ ಅಂತ ಗೊತ್ತಾದ ಹಾಗೆ. ಹಾಗೇ. ಮೂಗು ಮುಂದಕ್ಕೆ ಚಾಚಿ, ಕಿವಿ ಕೊಂಬಿನ ಕೆಳಗೆ ಜೋತುಬಿಟ್ಟು, ಕದಲದೆ.

ಐದು ನಿಮಿಷ ನಾವೂ ಕದಲಲಿಲ್ಲ. ಆಮೇಲೆ ಗಾಳಿ ಸ್ವಲ್ಪ ತಿರುಗಿತು ಅನ್ನಿಸುತ್ತೆ. ಮುಂದಿದ್ದ ಒಂದು ಹೆಣ್ಣು ಪಕ್ಕಕ್ಕೆ ಹೊರಳಿತು, ಅಷ್ಟೇ, ಲಾರಿಯಿಂದ ಜಲ್ಲಿ ಸುರಿದ ಸದ್ದು, ಇಡೀ ಹಿಂಡು ಕಾಡಿನ ಕಡೆ ಓಡಿತು. ಓಡುವಾಗ ಕರುಗಳನ್ನು ನಡುವೆ ಹಾಕಿಕೊಂಡಿದ್ದವು. ಹಿಂಡಿನ ಕಥೆ ಇಷ್ಟೇ. ನೀವು ಹೆದರಿರುವ ಆ 'ಎದುರಾಗುವುದು' ನಮಗೂ ಆಯ್ತು, ಏನೂ ಆಗಲಿಲ್ಲ. ಮಾವನೂ ಮೊದಲ ಸಲ ಸುಮ್ಮನಿದ್ದರು.

ನನ್ನ ತಪ್ಪು ಆಗಿದ್ದು ಇದರ ನಂತರ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾದರೂ ಓದಿ. ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ, ಎಲ್ಲರೂ ಎಮ್ಮೆ ಬಂದ ಭಾಗ ಮಾತ್ರ ಕೇಳಿಸಿಕೊಂಡು ಎದ್ದು ಹೋಗುತ್ತಾರೆ.

ಹಿಂಡು ಹೋಯ್ತು, ಎಲ್ಲರ ಉಸಿರು ಸಡಿಲವಾಯ್ತು, ಕಾಕಾ ಮುಂದೆ ಹೊರಟ, ಹಿಂದೆ ಮಾವ, ಅತ್ತೆ, ನನ್ನ ಹೆಂಡತಿ, ಕೊನೆಗೆ ನಾನು. ನಾನು ನಿಂತು ಹಿಂಡಿನ ಬೆನ್ನಿನ ಫೋಟೋ ತೆಗೀತಾ ಇದ್ದೆ. ಹೆಂಡತಿ ತಿರುಗಿ "ಬರ್ರೀ" ಅಂದಳು. "ನಡಿ, ಬಂದೆ" ಅಂದೆ. ಅಲ್ಲಿಗೆ ಒಂದು ನಿಯಮ ಮುರೀತು, ಆದರೆ ಕೈ ಮುರಿಸಿದ್ದು ಅದಲ್ಲ. ಕ್ಯಾಮೆರಾ ಇಳಿಸಿ ನೋಡಿದರೆ ಅವರು ಒಂದು ಪೊದೆಗಾಡನ್ನು ಬಳಸಿಕೊಂಡು ಆ ಕಡೆ ಹೋಗಿದ್ದರು. ದಾರಿ ಘಾಟಿ ರಸ್ತೆಯ ತಿರುವಿನ ಹಾಗೆ ಸುತ್ತು ಹಾಕಿತ್ತು. ಮಾವ ಕೆಮ್ಮಿದ್ದು ಪೊದೆಯಾಚೆ ಚೆನ್ನಾಗಿ ಕೇಳಿಸ್ತು. ನೇರ ನುಗ್ಗಿದರೆ ಮೂವತ್ತು ಹೆಜ್ಜೆ. ಪೊದೆ ಮಧ್ಯೆ ಸೀಳಿದ ಹಾಗೆ ಒಂದು ಜಾಡೂ ಇತ್ತು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ತಿರುವು ಸುತ್ತಿ ನಡೆಯುವ ಜನ ಅಲ್ಲ. ಶಾಲೆಗೆ ಹೋಗಿದ್ದು ಒಳದಾರಿಯಲ್ಲಿ, ಬಸ್ಸು ಹಿಡಿದಿದ್ದು ಒಳದಾರಿಯಲ್ಲಿ. ಕಾಲು ತಾನಾಗಿಯೇ ಒಳದಾರಿಗೆ ಇಳಿಯಿತು. ಧೈರ್ಯ ಅಲ್ಲ ಅದು, ಹುಂಬತನವೂ ಅಲ್ಲ. ನಾನು ಯೋಚನೆಯನ್ನೇ ಮಾಡಲಿಲ್ಲ. ಮಾಡಿದ್ದರೆ ಎರಡು ವಿಷಯ ಹೊಳೀತಿತ್ತು. ಒಂದು, ಆ ಜಾಡು ಮಾಡಿದ್ದು ಯಾರು? ಅಲ್ಲಿ ಶಾಲೆ ಮಕ್ಕಳು ಓಡಾಡ್ತಾರಾ? ಎರಡು, ದಿನಾ ಆ ಕಾಡಲ್ಲಿ ನಡೆಯೋ ಕಾಕಾನೇ ಯಾಕೆ ಆ ಸುತ್ತು ಹಾಕಿದ? ಅವನಿಗೆ ಒಳದಾರಿ ಕಾಣಲಿಲ್ವಾ?

ಇದೆಲ್ಲದರ ಬುಡದಲ್ಲಿ ಇದ್ದಿದ್ದು ಒಂದೇ ಲೆಕ್ಕ. ಹಿಂಡು ಹೋಯ್ತು, ಇನ್ನೇನು ಎಲ್ಲಾ ಹೋಯ್ತು.

ಹದಿನೈದು ಹೆಜ್ಜೆ ಹೋಗಿದ್ದೆನೇನೋ. ಒಂದು ಹಕ್ಕಿ 'ಟ್ರ್ರ್ರ್' ಅಂತ ಬುಸುಗುಟ್ಟಿ ಪೊದೆಯಿಂದ ಎದ್ದಿತು. ಎಮ್ಮೆ ಮೈಮೇಲೆ ಕೂತು ಉಣ್ಣಿ ಹುಳ ಹೆಕ್ಕುವ ಹಕ್ಕಿ ಅದು, ಕೊಕ್ಕು ಕೆಂಪಗಿರುತ್ತೆ. ಮನುಷ್ಯರನ್ನು ಕಂಡರೆ ಹಾಗೆ ಸದ್ದು ಮಾಡಿ ಏಳುತ್ತದೆ, ಅದು ಎಮ್ಮೆಗೆ ಎಚ್ಚರಿಕೆ, ನನಗೂ ಎಚ್ಚರಿಕೆಯೇ, ಆದರೆ ನನಗೆ ಆವತ್ತು ಅದು ಬರೀ ಹಕ್ಕಿ. ಆಮೇಲೆ ನನ್ನ ಎಡಕ್ಕೆ, ಏಳೆಂಟು ಹೆಜ್ಜೆ ದೂರದಲ್ಲಿ, ಕೆಸರಿನ ದಿಬ್ಬ ಅಂದುಕೊಂಡಿದ್ದು ಎದ್ದು ನಿಂತಿತು.

ಮುದಿ ಗಂಡು. ಬೆನ್ನಿಗೆ ಮೆತ್ತಿದ್ದ ಕೆಸರು ಒಣಗಿ ಬಿರುಕು ಬಿಟ್ಟಿತ್ತು, ಅದು ಏಳುವಾಗ ಹಕ್ಕಳೆ ಹಕ್ಕಳೆಯಾಗಿ ಕಳಚಿ ಬಿತ್ತು, ಆ ಸದ್ದೂ ಕೇಳಿಸ್ತು. ಒಂದು ಕಿವಿ ಅರ್ಧ ಹರಿದಿತ್ತು. ಮುಖದ ಮೇಲೆ ಕೂದಲು ಉದುರಿ ಬೂದು ಚರ್ಮ ಕಾಣ್ತಿತ್ತು. ಕೊಂಬಿನ ಬುಡ ಸವೆದ ಒರಳು ಕಲ್ಲಿನ ಹಾಗೆ ನುಣುಪಾಗಿತ್ತು. ಕಣ್ಣಿನ ಸುತ್ತ ನೊಣ. ಮೂಗಿನ ತುದಿ ಮಾತ್ರ ಒದ್ದೆ, ಕಪ್ಪಗೆ ಹೊಳೀತಿತ್ತು.

ನಾನು ಕಾಟಿಗೆ ಮಾಡುವ ಹಾಗೆ ಮಾಡಿದೆ. ನಮ್ಮ ತೋಟದಲ್ಲಿ ಕಾಟಿ ಎದುರಾದರೆ 'ಹೋಯ್' ಅಂತ ಕೂಗಿ ಕೈ ತಟ್ಟುತ್ತೇವೆ, ಹೆಚ್ಚಿನ ಸಲ ಅದು ಒಮ್ಮೆ ಬುಸ್ ಅಂದು ಇಳಿಜಾರು ಇಳಿದು ಹೋಗುತ್ತೆ. (ಕಾಟಿ ಸಾಧು ಅಂತ ಅಲ್ಲ. ಅದು ತಿವಿದು ಸತ್ತವರ ಸುದ್ದಿ ನಿಮಗೂ ಗೊತ್ತಿರುತ್ತೆ.) ನಾನು 'ಹೋಯ್' ಅಂದೆ, ಒಂದೇ ಒಂದು ಸಲ ಕೈ ತಟ್ಟಿದೆ. ಅದು ತಲೆ ತಗ್ಗಿಸಲಿಲ್ಲ, ಎತ್ತಿತು. ನಾನು ತಿರುಗಿ ಓಡಿದೆ. ಹೌದು, ಎರಡು ಸಲ ಕನ್ನಡದಲ್ಲಿ 'ಓಡಬೇಡಿ' ಅಂತ ಹೇಳಿದವನೇ ಓಡಿದೆ. ಹತ್ತು ಹೆಜ್ಜೆಗೆ ನೆಲವೇ ಇಲ್ಲ, ಮಳೆನೀರಿನ ಕೊರಕಲು, ಒಂದಾಳು ಆಳ. ಎಡಗೈ ಊರಿಕೊಂಡೇ ಬಿದ್ದೆ. ಮೇಲೆ ನೆಲ ನಡುಗಿತು, ನನ್ನ ಮೇಲೆ ಮಣ್ಣು ಉದುರಿತು, ಹಿಂದೆಯೇ ಗುಂಡಿನ ಸದ್ದು.

ಕಾಕಾ ಆಕಾಶಕ್ಕೆ ಹಾರಿಸಿದ್ದು. ಎಮ್ಮೆ ಪೊದೆ ಮುರಿದುಕೊಂಡು ಆ ಕಡೆ ಹೋಗಿತ್ತು. ಅದು ನನ್ನ ಮೇಲೆ ಬಂತಾ ಅಂತ ಆಮೇಲೆ ಕೇಳಿದೆ. ಇಲ್ಲ, ಅದು ಹೊರಟಿತ್ತು, ಅದರ ದಾರಿಯಲ್ಲಿ ನೀನಿದ್ದೆ, ಅಂದ. ಹಾರಿಸಿದ ಒಂದೊಂದು ಗುಂಡಿಗೂ ಅವನು ಲೆಕ್ಕ ಬರೆಯಬೇಕಂತೆ. ಗೇಟಿನಲ್ಲಿ ಕೂತು ನಿಧಾನಕ್ಕೆ ಒಂದೊಂದೇ ಅಕ್ಷರ ಬರೀತಿದ್ದ, ನಾನು ಹೆಂಡತಿಯ ದುಪಟ್ಟಾದಲ್ಲಿ ಕೈ ಕಟ್ಟಿಕೊಂಡು ಎದುರಿಗೆ ಕೂತಿದ್ದೆ. ಅವನು ಬೈಯಲಿಲ್ಲ. 'ಪೋಲೆ' ಅಂದ, ಅಯ್ಯೋ ಪಾಪ ಅಂದ ಹಾಗೆ. ಆ ಮುದುಕ ಇನ್ನೊಂದು ಹೆಜ್ಜೆ ನನ್ನ ಕಡೆ ತಿರುಗಿದ್ದರೆ ಎರಡನೇ ಗುಂಡು ಆಕಾಶಕ್ಕೆ ಹೋಗ್ತಿರಲಿಲ್ಲ ಅಂತ ಮಾತ್ರ ಹೇಳಿದ. ಅದು ನನಗೆ ಕೈಗಿಂತ ಜಾಸ್ತಿ ನೋವಾಯ್ತು, ನಿಜ ಹೇಳಬೇಕಂದ್ರೆ.

ಹೀಗಾಗಿ ನಿಮ್ಮ ಪ್ರಶ್ನೆಯೇ ತಿರುಗಾಮುರುಗಾ ಇದೆ ಅನ್ನೋದು ನನ್ನ ಅಭಿಪ್ರಾಯ. ಹಿಂಡು ಎದುರಾದರೆ ಏನು ಮಾಡಬೇಕು ಅನ್ನೋದು ನಿಮ್ಮ ತಲೆನೋವಲ್ಲ, ಮುಂದೆ ನಡೆಯುವವನದು. ಹಿಂಡು ಕಣ್ಣಿಗೆ ಕಾಣುತ್ತೆ, ಧೂಳು ಏಳುತ್ತೆ, ಸಗಣಿ ವಾಸನೆ ಬರುತ್ತೆ, ಅಷ್ಟು ದೊಡ್ಡ ಸಂಸಾರ ಬಚ್ಚಿಟ್ಟುಕೊಳ್ಳೋಕೆ ಆಗಲ್ಲ. ಮತ್ತು ಅವಕ್ಕೆ ಕರುಗಳಿವೆ, ಸಾಮಾನ್ಯವಾಗಿ ಜಾಗ ಖಾಲಿ ಮಾಡೋದನ್ನೇ ನೋಡುತ್ತವೆ. ಕೆಣಕಿದರೆ ಬೇರೆ ಮಾತು. ಹೆದರಬೇಕಾದ್ದು ಹಿಂಡು ಬಿಟ್ಟ ಮುದಿ ಗಂಡುಗಳಿಗೆ. ವಯಸ್ಸಾದ ಮೇಲೆ ಅವು ಒಂಟಿಯಾಗಿ ಇಲ್ಲಾ ಮೂರ್ನಾಲ್ಕು ಸೇರಿ ನೀರು ಕೆಸರು ಇರುವ ಕಡೆ ಉಳಿದುಬಿಡುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ಅವಕ್ಕೆ 'ಡಗ್ಗಾ ಬಾಯ್ಸ್' ಅಂತಾರೆ, ಡಗ್ಗಾ ಅಂದರೆ ಕೆಸರು. ಎಚ್ಚರಿಸೋಕೆ ಹಿಂಡಿನ ನೂರು ಕಣ್ಣಿಲ್ಲ, ಓಡೋಕೆ ಮೊದಲಿನ ಕಸುವಿಲ್ಲ. ಹತ್ತಿರ ಬಂದವರನ್ನು ತಿವಿದೇ ದಾರಿ ಮಾಡಿಕೊಳ್ಳೋದು ಅದರ ಲೆಕ್ಕ.

ಮರ ಹತ್ತೋದು ಕೇಳಿದ್ರಿ. ಹತ್ತಿ, ಪಕ್ಕದಲ್ಲೇ ಮರ ಇದ್ದು, ಕಾಕಾ 'ಹತ್ತು' ಅಂದರೆ. ಅಲ್ಲಿನ ಅಕೇಶಿಯಾ ಮರದ ಮುಳ್ಳು ನೋಡಿದ ಮೇಲೆ ನಿಮ್ಮ ಅಪ್ಪ ಎಮ್ಮೆಯೇ ವಾಸಿ ಅಂದರೂ ಅನ್ನಬಹುದು.

ನನ್ನನ್ನು ಕೇಳಿದರೆ ನಡಿಗೆ ಸಫಾರಿ ಈ ಸಲ ಬಿಟ್ಟುಬಿಡಿ. ಎಂಟು ವರ್ಷದ ಮಗುವನ್ನು ಹೆಚ್ಚಿನ ಕಡೆ ನಡೆಸೋದೂ ಇಲ್ಲ, 12 ದಾಟಿರಬೇಕು ಅಂತಾರೆ. ನಿಮ್ಮ ಏಜೆಂಟ್ 'ಅಡ್ಜಸ್ಟ್ ಮಾಡೋಣ' ಅಂದಿದ್ದಾರೆ ಅಂತ ಬರೆದಿದ್ದೀರಿ. ಆ ಏಜೆಂಟ್‌ನನ್ನೇ ಬದಲಾಯಿಸಿ. ಬಂದೂಕು ಇದೆಯಲ್ಲಾ ಅನ್ನಬೇಡಿ. ಬಂದೂಕು ಎಮ್ಮೆ ಕೊಲ್ಲೋಕೆ, ಮಗುವನ್ನು ಸುಮ್ಮನಿರಿಸೋಕಲ್ಲ. ಮಕ್ಕಳಿಲ್ಲದೆ ಹೋದಾಗ ನಡೀರಿ, ನಾನು ನಡಿಗೆಯ ವಿರೋಧಿಯಲ್ಲ, ಎರಡು ವರ್ಷ ಆದಮೇಲೆ ಮತ್ತೆ ಹೋಗಿ ಬಂದೆ, ಸಾಲಿನಲ್ಲಿ ಎರಡನೆಯವನಾಗಿ, ಕಾಕಾನ ಬೆನ್ನಿಗೆ ಅಂಟಿಕೊಂಡು.

ಹಿಂಡು ನೋಡೋಕೆ ಜೀಪೇ ಚೆಂದ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮಾರನೇ ದಿನವೇ, ಹೆಂಡತಿ ಬೇಡ ಅಂದರೂ, ಮನ್ಯಾರಾ ಸರೋವರದ ಪಾರ್ಕ್‌ಗೆ ಹೋದೆವು. ದುಡ್ಡು ಕಟ್ಟಿ ಆಗಿತ್ತಲ್ಲ. (ಆಪರೇಷನ್ ದಾರ್‌ಗೆ ಬಂದ ಮೇಲೆ ಆಯ್ತು. ತಡ ಮಾಡಿದ್ದಕ್ಕೆ ಡಾಕ್ಟರ್ ಉಗಿದರು, ಅದು ಇನ್ನೊಂದು ಕಥೆ.) ಸಂಜೆ ಕೆರೆ ದಡದಲ್ಲಿ ಹಿಂಡು ಮಲಗಿ ಮೆಲುಕು ಹಾಕ್ತಿತ್ತು. ಆಗಾಗ ಒಂದೊಂದು ಎದ್ದು, ಒಂದು ದಿಕ್ಕಿಗೆ ನೋಡಿ, ಮತ್ತೆ ಮಲಗುತ್ತಿತ್ತು. ನನಗೆ ಅದು ಮೈಮುರಿಯೋದು ಅನ್ನಿಸಿತ್ತು. ಅದೇ ಮನ್ಯಾರಾದಲ್ಲಿ ಹರ್ಬರ್ಟ್ ಪ್ರಿನ್ಸ್ ಅಂತ ಡಚ್ ವಿಜ್ಞಾನಿ ಇದನ್ನು ಕೂತು ಲೆಕ್ಕ ಹಾಕಿದ್ದಾರೆ. ಹಾಗೆ ಎದ್ದು ನೋಡೋದು ದೊಡ್ಡ ಹೆಣ್ಣುಗಳು. ಹೆಚ್ಚು ಹೆಣ್ಣುಗಳು ಯಾವ ದಿಕ್ಕು ನೋಡಿದವೋ ಹಿಂಡು ಕೊನೆಗೆ ಆ ಕಡೆಗೇ ಮೇಯೋಕೆ ಹೊರಡುತ್ತದೆ. ಗಂಡುಗಳ ನೋಟ ಲೆಕ್ಕಕ್ಕಿಲ್ಲ. ಅತ್ತೆಗೆ ಇದನ್ನು ಹೇಳಿದಾಗ "ನಮ್ಮನ್ಯಾಗೂ ಹಂಗ ಐತಿ, ಇವರಿಗೆ ಗೊತ್ತಿಲ್ಲ ಅಷ್ಟ" ಅಂತ ಮಾವನ ಕಡೆ ನೋಡಿದರು.

ಮಾವನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಅರೂಷಾ ಆಸ್ಪತ್ರೆಯಲ್ಲಿ ನನ್ನ ಎಕ್ಸ್‌ರೇಗೆ ಕಾಯುವಾಗ ಅವರಿಗೂ ಡ್ರೈವರ್‌ಗೂ ಒಳ್ಳೇ ದೋಸ್ತಿ ಆಗಿತ್ತು. ಡ್ರೈವರ್ ಮಸಾಯಿ, ದನ ಸಾಕುವ ಮನೆತನ. ಅವನು ಹೇಳ್ತಿದ್ದ, 1890ರ ದಶಕದಲ್ಲಿ ರಿಂಡರ್‌ಪೆಸ್ಟ್ ಅನ್ನೋ ದನದ ರೋಗ ಬಂದು ಮಸಾಯಿಗಳ ದನವೂ ಹೋಯ್ತು, ಕಾಡೆಮ್ಮೆಗಳೂ ರಾಶಿ ರಾಶಿ ಸತ್ತವು, ಆ ಕಾಲಕ್ಕೆ ಅವರು 'ಎಮುತಾಯ್' ಅಂತಾರೆ. ಹೆಂಡತಿ ಮಧ್ಯೆ ಕೂತು ಎರಡೂ ಕಡೆಗೆ ಹೇಳ್ತಾ ಇದ್ದಳು. ಮಾವ "ನಮ್ಮಲ್ಲೆ ಅದಕ್ಕ ದೊಡ್ಡರೋಗ ಅಂತಿದ್ರು, ನಮ್ಮಪ್ಪನ ಕಾಲದಾಗ ಕೊಟ್ಟಿಗಿ ಖಾಲಿ ಆಗಿತ್ತು" ಅಂದರು. 2011ರಲ್ಲಿ ಆ ರೋಗ ಇಡೀ ಪ್ರಪಂಚದಿಂದಲೇ ಹೋಯ್ತು ಅಂತ ಘೋಷಣೆ ಆಗಿದೆ. ಅಳಿಯನ ಕೈ ಮುರಿದಿರೋದು ಇಬ್ಬರಿಗೂ ಮರೆತೇ ಹೋಗಿತ್ತು.

ಇನ್ನು ನೀವು ಕೇಳದೇ ಇರೋದು, ಆದರೆ ಕೇಳಬೇಕಾಗಿದ್ದು. ಗೊರೊಂಗೊರೊ ಅಂಚಿನ ಟೆಂಟು. ಅಲ್ಲಿ ಸಾರ್ವಜನಿಕ ಕ್ಯಾಂಪ್‌ಸೈಟಿಗೆ ಬೇಲಿ ಇರೋದಿಲ್ಲ, ಹುಲ್ಲು ಚೆನ್ನಾಗಿರುತ್ತೆ, ರಾತ್ರಿ ಕಾಡೆಮ್ಮೆ ಮೇಯೋಕೆ ಟೆಂಟುಗಳ ನಡುವೆಯೇ ಬರುತ್ತದೆ. ಎರಡು ಸಾವಿರ ಮೀಟರ್‌ಗಿಂತ ಎತ್ತರ, ವಿಪರೀತ ಚಳಿ, ಚಳಿಗೆ ಅಪ್ಪ ಅಮ್ಮನಿಗೆ ಎರಡು ಸಲವಾದರೂ ಎಚ್ಚರ ಆಗುತ್ತೆ, ಟಾಯ್ಲೆಟ್ಟು ಐವತ್ತು ಹೆಜ್ಜೆ ಆಚೆ. ಹಿಂಡಿನ ಚಿಂತೆ ಬಿಟ್ಟು ಈ ಐವತ್ತು ಹೆಜ್ಜೆಯ ಚಿಂತೆ ಮಾಡಿ. ಸಂಜೆ ಏಳಕ್ಕೇ ಟೀ ನಿಲ್ಲಿಸಿ. ಟೆಂಟ್ ಜಿಪ್ಪು ಪೂರ್ತಿ ತೆಗೆಯುವ ಮುಂಚೆ ತಲೆ ಮಾತ್ರ ಹೊರಗೆ ಹಾಕಿ ಟಾರ್ಚನ್ನು ಸುತ್ತಲೂ ನಿಧಾನಕ್ಕೆ ತಿರುಗಿಸಿ, ಕಣ್ಣು ಹೊಳೆದರೆ ಜಿಪ್ಪು ಹಾಕಿ ಮಲಗಿ. ಒಳಗೆ ಒಂದು ಬಕೆಟ್ ಇಟ್ಟುಕೊಳ್ಳಿ. ನಾಚಿಕೆ ಬೇಡ, ನಾವೂ ಇಟ್ಟುಕೊಂಡಿದ್ದೆವು. ಇಲ್ಲಾ ಆ ಒಂದು ರಾತ್ರಿಗೆ ಲಾಡ್ಜ್ ಮಾಡಿ. ಅಪ್ಪನಿಗೆ ಮಂಡಿ ನೋವು ಅಂತ ಬೇರೆ ಬರೆದಿದ್ದೀರಿ.

ಇನ್ನೊಂದು. ಮೂರು ತಿಂಗಳಾದ ಮೇಲೆ ಪ್ಲಾಸ್ಟರ್ ಬಿಚ್ಚಿ, ಕಂಪ್ಯೂಟರ್‌ನಲ್ಲಿ ಆವತ್ತಿನ ಫೋಟೋ ನೋಡ್ತಾ ಕೂತಿದ್ದೆ. ಹಿಂಡಿನ ಬೆನ್ನಿನ ಫೋಟೋ, ನಾನು ಹಿಂದೆ ಉಳಿದು ತೆಗೆದಿದ್ದು. ಮಸುಕಾಗಿದೆ, ಏನೂ ಚೆನ್ನಾಗಿಲ್ಲ. ಎಡ ಮೂಲೆಯಲ್ಲಿ ಆ ಪೊದೆಗಾಡಿನ ಅಂಚು ಬಂದಿದೆ. ದೊಡ್ಡದು ಮಾಡಿ ನೋಡಿದರೆ, ಕೊಂಬೆಗಳ ನಡುವೆ ಬೂದು ದಿಬ್ಬದ ಮೇಲೆ ಒಂದು ಕಂದು ಹಕ್ಕಿ ಕೂತಿದೆ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ನೋಡಿ, "ಕಾಕಾಗ ಇದು ಬರಿಗಣ್ಣಿಗೇ ಕಂಡಿರಬೇಕು ನೋಡ್ರಿ" ಅಂದು ಒಳಗೆ ಹೋದಳು.

ಬೈನಾಕ್ಯುಲರ್ ಎರಡು ಒಯ್ಯಿರಿ. ಒಂದೇ ಇದ್ದರೆ ಅಪ್ಪನ ಕೈಗೆ ಹೋದಮೇಲೆ ವಾಪಸ್ ಬರಲ್ಲ.